ಬಟ್ಟೆಯ ಓರೆಸರಿತ ಮತ್ತು ಅದನ್ನು ಅಳೆಯುವ ಬಗೆ

ಬಟ್ಟೆಯನ್ನು ಕೊಳ್ಳುವಾಗ ಅದನ್ನು ಪರೀಕ್ಷಿಸುವ ಕ್ರಮ ನಮ್ಮಲ್ಲಿ ಎರಡೇ ಬಗೆ. ಎರಡು ಕೈಗಳಿಂದ ಹಿಡಿದು ಜಗ್ಗಿ ನೋಡುವುದು ಒಂದು. ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ನೋಡುವುದು ಇನ್ನೊಂದು. ಮೊದಲನೆಯದರಿಂದ ಅದರ ಬಲವೂ ಎರಡನೆಯದರಿಂದ ಅದರ ನಯವೂ ತಿಳಿಯುವುವೆಂದು ನಂಬಿಕೆ. ಇವೆರಡಲ್ಲದೆ ಮೂರನೆಯ ಗುಣವೊಂದುಂಟು. ಸವಳಂಗದ ಅಂಗಡಿಬೀದಿಯಲ್ಲಾಗಲಿ ದಾವಣಗೆರೆಯ ಜವಳಿ ಮಳಿಗೆಗಳಲ್ಲಾಗಲಿ ಅದನ್ನು ಹೆಸರಿಟ್ಟು ಕೇಳುವವರಿಲ್ಲ. ಆದರೆ ಅಂಗಿಯ ತೋಳು ಭುಜಕ್ಕೆ ಹೊಂದುವುದು, ಕಂಬಳಿ ಬೆನ್ನಿನ ಮೇಲೆ ಕೂರುವುದು, ವಿಮಾನದ ಮೂತಿಯ ಮೇಲೆ ಗಾಜುನೂಲಿನ ಬಟ್ಟೆ ಸುಕ್ಕಿಲ್ಲದೆ ಹರಡುವುದು, ಎಲ್ಲವೂ ಈ ಗುಣದ ಪ್ರಸಾದವೇ. ಇಂದು ನಾವು ವಿಚಾರಮಾಡತಕ್ಕದ್ದು ಇದನ್ನು ಕುರಿತೇ.

ಶ್ರೋತೃಮಹಾಶಯರು ತಮ್ಮ ಕೈವಸ್ತ್ರವನ್ನು ತೆಗೆದುಕೊಳ್ಳಲಿ. ಅಂಚಿಗೆ ಸಮವಾಗಿ, ಅಂದರೆ ಹಾಸಿನ ನೂಲು ಓಡುವ ದಿಕ್ಕಿನಲ್ಲಿ, ಹಿಡಿದು ಎಳೆಯಲಿ. ಬಟ್ಟೆ ಹೆಚ್ಚಾಗಿ ಬಗ್ಗುವುದಿಲ್ಲ. ಹೊಕ್ಕಿನ ದಿಕ್ಕಿನಲ್ಲಿ ಎಳೆದರೂ ಬಹುಮಟ್ಟಿಗೆ ಹಾಗೆಯೇ. ಈಗ ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಎಳೆಯಬೇಕು. ಅಷ್ಟು ಹೊತ್ತೂ ಹಟಹಿಡಿದಿದ್ದ ಬಟ್ಟೆ ಒಮ್ಮೆಲೇ ಉದ್ದವಾಗುತ್ತದೆ, ಅಡ್ಡಗಲದಲ್ಲಿ ಕಿರಿದಾಗುತ್ತದೆ, ಚೌಕವಾಗಿದ್ದದ್ದು ವಜ್ರಾಕೃತಿಯಾಗುತ್ತದೆ. ಇದರಲ್ಲಿ ಒಂದು ನೂಲಾದರೂ ಉದ್ದವಾಯಿತೆ? ಇಲ್ಲವೆಂದೇ ಹೇಳಬಹುದು. ನೂಲುಗಳೆಲ್ಲ ತಮ್ಮ ಉದ್ದದಷ್ಟೇ ಇದ್ದು, ಒಂದರ ಮೇಲೊಂದು ಹಾಯುವೆಡೆಯಲ್ಲಿ ಮಾತ್ರ ತಿರುಗಿಕೊಂಡಿವೆ. ಕೀಲು ಸಡಿಲಿಸಿದ ಹಳೆಯ ಹೊರಸನ್ನು ಒಂದು ಮೂಲೆಯಿಂದ ತಳ್ಳಿದರೆ ಅದು ಹೇಗೆ ಓರೆಯಾಗಿ ವಾಲಿಕೊಳ್ಳುವುದೋ, ಬಟ್ಟೆಯ ಒಂದೊಂದು ಸಣ್ಣ ಕಣ್ಣೂ ಹಾಗೆಯೇ ವಾಲಿಕೊಳ್ಳುತ್ತದೆ. ಇಂಜಿನಿಯರರು ಈ ವಿಕಾರವನ್ನು ‘ಶಿಯರ್’ ಎನ್ನುತ್ತಾರೆ. ಕತ್ತರಿಯ ನೆನಪನ್ನು ತರುವ ಮಾತು ಇಲ್ಲಿಗೆ ಅಷ್ಟಾಗಿ ಒಪ್ಪದು. ಕತ್ತರಿಸುವುದು ಇಲ್ಲಿ ಏನೂ ಇಲ್ಲ. ಆದಕಾರಣ ನಾವು ಇದನ್ನು ಓರೆಸರಿತವೆಂದು ಕರೆಯೋಣ. ಮೊದಲು ಲಂಬವಾಗಿದ್ದ ಹಾಸು ಹೊಕ್ಕುಗಳ ನಡುವಿನ ಕೋನ 90 ಅಂಶಗಳಿಂದ ಎಷ್ಟು ಕಡಮೆಯಾಯಿತೋ ಅಷ್ಟೇ ಓರೆಸರಿತದ ಕೋನ.

ಈ ಗುಣವನ್ನು ನಮ್ಮ ನೇಕಾರರು ಹೆಸರಿಲ್ಲದೆಯೇ ಬಲ್ಲರು. ಜಗಳೂರಿಗೆ ಆಗ್ನೇಯದಲ್ಲಿರುವ ಚಳ್ಳಕೆರೆಯ ಕಡೆಯ ಕಂಬಳಿಯನ್ನು ನೋಡಿ. ದಖನಿ ಕುರಿಯ ಉಣ್ಣೆಯನ್ನು ಕೈಯಲ್ಲೇ ನೂತು, ಕುಣಿಮಗ್ಗದಲ್ಲಿ ನೇಯ್ದು, ಅದಕ್ಕೆ ಹುಣಸೆಬೀಜದ ಗಂಜಿಯನ್ನು ಹಚ್ಚುವರು. ಹೊಸ ಕಂಬಳಿ ಬಿರುಸಾಗಿ ನಿಲ್ಲುವುದೂ, ಬಿಚ್ಚಿದರೆ ಹಲಗೆಯಂತೆ ಮಡಿಕೆಯ ಗುರುತನ್ನೇ ಉಳಿಸಿಕೊಳ್ಳುವುದೂ ಈ ಗಂಜಿಯಿಂದಲೇ. ಅದು ನೂಲಿಗೆ ಮೈ ಕೊಡುವುದಲ್ಲದೆ, ನೂಲುಗಳು ಒಂದರ ಮೇಲೊಂದು ಹಾಯುವ ಸಾವಿರಾರು ಸಂಧಿಗಳನ್ನು ಅಂಟಿಸಿಯೂ ಬಿಡುತ್ತದೆ. ಸಂಧಿ ತಿರುಗಲಾರದಿದ್ದರೆ ಓರೆಸರಿತವಿಲ್ಲ. ಓರೆಸರಿತವಿಲ್ಲದಿದ್ದರೆ ಬಟ್ಟೆ ಮೈಗೆ ಹೊಂದದು. ಕೆಲವು ಮಳೆಗಾಲ ಕಳೆದು ಗಂಜಿ ಬಿಟ್ಟಮೇಲೆ ಅದೇ ಕಂಬಳಿ ಮೆತ್ತಗಾಗಿ ಹೆಗಲ ಮೇಲೆ ಇಳಿಯುತ್ತದೆ. ಸವಳಂಗದಂಥ ಅರೆಮಲೆನಾಡಿನ ಊರುಗಳಲ್ಲಿ ಮಳೆಗೆ ಕಂಬಳಿಕೊಪ್ಪೆ ಹಾಕಿದವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಪ್ಪೆಯ ತುದಿಯನ್ನು ಮಾಡುವುದು ಮಡಿಕೆ, ದಿಟ. ಆದರೆ ಆ ಮಡಿಕೆಯ ಕೆಳಗೆ ಕಂಬಳಿ ಎರಡು ಭುಜಗಳ ಉಬ್ಬನ್ನು ಅನುಸರಿಸಿ ಕೂರುವುದು ಓರೆಸರಿತದಿಂದ.

ಇದಕ್ಕೆ ವಿರುದ್ಧವಾದ ಉದಾಹರಣೆ ಕೌದಿ. ಹಳೆಯ ಸೀರೆ ಪಂಚೆಗಳ ಪದರಗಳನ್ನು ಒತ್ತೊತ್ತಾಗಿ ಹೊಲಿದಾಗ, ಒಂದೊಂದು ಹೊಲಿಗೆಯೂ ಹಲವು ನೂಲುಗಳನ್ನು ಕಟ್ಟಿಹಾಕುತ್ತದೆ. ಸವಳಂಗಕ್ಕೆ ಸಮೀಪದ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರಿಗೆ ಪೂಜ್ಯವಾದುದು. ಆ ಜನರ ಕಸೂತಿಯ ಉಡುಪನ್ನು ಕೈಯಲ್ಲಿ ಹಿಡಿದರೆ, ದಟ್ಟವಾಗಿ ಹೊಲಿದ ಎಡೆ ಮೂಲೆಯಿಂದ ಎಳೆದರೂ ವಾಲದೆ, ಹೊಲಿಗೆ ಇಲ್ಲದ ಎಡೆ ವಾಲುವುದನ್ನು ಕಾಣಬಹುದು. ಹೊಲಿಗೆಯಿಂದ ಬಟ್ಟೆಯ ಓರೆಸರಿತವನ್ನು ಬೇಕಾದೆಡೆ ತಡೆಯುವ ಈ ಉಪಾಯವನ್ನೇ ಕಾರ್ಬನ್ ಬಟ್ಟೆಯ ಕೆಲಸದವರೂ ಉಪಯೋಗಿಸುತ್ತಾರೆ.

ಇನ್ನು ಇಂಜಿನಿಯರರಿಗೆ ಇದರ ಚಿಂತೆ ಏಕೆಂಬುದನ್ನು ನೋಡೋಣ. ಒಂದು ತೆಂಗಿನಕಾಯಿಯ ಮೇಲೆ ಕಾಗದವನ್ನು ಹೊದಿಸಲು ಯತ್ನಿಸಿದರೆ ಅದು ಎಲ್ಲೆಡೆಯೂ ನೆರಿಗೆಗಟ್ಟುತ್ತದೆ. ಕಾಗದಕ್ಕೆ ಬಗ್ಗುವುದು ಗೊತ್ತು, ಓರೆಸರಿಯುವುದು ಗೊತ್ತಿಲ್ಲ. ಕೈವಸ್ತ್ರವನ್ನು ಹೊದಿಸಿ ಅದರ ನಾಲ್ಕು ಮೂಲೆಗಳನ್ನು ಕೆಳಕ್ಕೆ ಎಳೆದರೆ ಬಹುಭಾಗ ಸುಕ್ಕಿಲ್ಲದೆ ಕೂರುತ್ತದೆ. ಕಾಯಿಯ ನೆತ್ತಿಯ ಮೇಲೆ ಹಾಯ್ದಿರುವ ಹಾಸಿನ ನೂಲು, ಹೊಕ್ಕಿನ ನೂಲು, ಇವೆರಡರ ಗುಂಟ ಓರೆಸರಿತವೇ ಇಲ್ಲ. ಅವುಗಳ ನಡುವೆ ಮೂಲೆಗಳ ಕಡೆಗೆ ಇಳಿದಂತೆ ಅದು ಹೆಚ್ಚುತ್ತ ಹೋಗಿ, ಅಂಚಿನ ಬಳಿ ಅತ್ಯಧಿಕವಾಗುತ್ತದೆ. ರಷ್ಯದ ಗಣಿತಜ್ಞ ಚೆಬಿಷೇವ್ 1878ರಲ್ಲಿ ಪ್ಯಾರಿಸ್ ನಗರದ ವಿದ್ವತ್ಸಭೆಯೊಂದರಲ್ಲಿ ಬಟ್ಟೆ ಕತ್ತರಿಸುವ ಕಲೆಯನ್ನು ಕುರಿತು ಉಪನ್ಯಾಸಮಾಡಿ, ಬಟ್ಟೆಯೆಂದರೆ ಉದ್ದ ಬದಲಾಗದ ನೂಲುಗಳ ಬಲೆ, ಅದರ ಕಣ್ಣಿನ ಕೋನ ಮಾತ್ರ ಬದಲಾಗುವುದು, ಎಂಬ ದೃಷ್ಟಿಯಿಂದ ಈ ಪ್ರಶ್ನೆಯನ್ನು ಬಿಡಿಸಿದನು. ದೊಡ್ಡ ಗಣಿತಜ್ಞನೊಬ್ಬ ದರ್ಜಿಯ ಕೆಲಸಕ್ಕೆ ಇಳಿದನೆಂದು ಸಭೆಯಲ್ಲಿ ನಕ್ಕವರು ಇದ್ದಿರಬಹುದು. 1956ರಲ್ಲಿ ಮ್ಯಾಕ್ ಮತ್ತು ಟೇಲರ್ ಎಂಬ ಇಬ್ಬರು ನೇಯ್ದ ಬಟ್ಟೆಯನ್ನು ಬಾಗಿದ ಮೈಗಳಿಗೆ ಹೊಂದಿಸುವ ಬಗೆಯನ್ನು ಪುನಃ ಎತ್ತಿಕೊಂಡರು. ಇಂದಿನ ಗಣಕಯಂತ್ರಗಳು ಅಚ್ಚಿನ ಮೇಲೆ ಬಟ್ಟೆ ಹೇಗೆ ಕೂರುವುದೆಂದು ಲೆಕ್ಕಹಾಕುವಾಗ ಅವುಗಳ ಅತಿ ಸರಳವಾದ ಕ್ರಮಗಳಿಗೆ ಆಧಾರ ಇದೇ ಬಲೆ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆ ಬೆಂಗಳೂರು. 1959ರಲ್ಲಿ ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1960ರಲ್ಲಿ ಬೆಂಗಳೂರಿಗೆ ಬಂದಾಗ ಅದರ ಮೊದಲ ಕಚೇರಿ ಜಯಮಹಲ್ ರಸ್ತೆಯಲ್ಲಿ ಮೈಸೂರು ಮಹಾರಾಜರ ಅರಮನೆಯ ಕುದುರೆಲಾಯದಲ್ಲಿತ್ತು. ಅದೇ ಪ್ರಯೋಗಾಲಯದವರು ಮುಂದೆ ರೂಪಿಸಿದ, 1993ರಲ್ಲಿ ಮೊದಲು ಹಾರಿದ ‘ಹಂಸ’ವೆಂಬ ಇಬ್ಬರು ಕೂರುವ ತರಬೇತಿ ವಿಮಾನದ ದೇಹವೆಲ್ಲ ನೂಲು ಮತ್ತು ರಾಳಗಳ ಸಂಯುಕ್ತದಿಂದಲೇ ಆದದ್ದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ‘ತೇಜಸ್’ ಯುದ್ಧವಿಮಾನದ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಥ ಸಂಯುಕ್ತವಸ್ತು. ಇವೆಲ್ಲವೂ ನೇಯ್ದ ಬಟ್ಟೆಯಿಂದಾದುವೆಂದು ತಿಳಿಯಬಾರದು. ಒಂದೇ ದಿಕ್ಕಿಗೆ ನೂಲನ್ನು ಹಾಸಿದ ಪಟ್ಟಿಗಳೂ ಇವುಗಳಲ್ಲಿ ಸೇರುತ್ತವೆ. ಆದರೆ ಬಾಗಿದ ಅಚ್ಚಿನ ಮೇಲೆ ನೇಯ್ದ ಬಟ್ಟೆಯನ್ನು ಕೂರಿಸಬೇಕಾದೆಡೆಯಲ್ಲೆಲ್ಲ ಓರೆಸರಿತದ ಪ್ರಶ್ನೆ ಬಂದೇ ತೀರುತ್ತದೆ.

ಅಂಗಿಯಲ್ಲಿ ಒಂದು ಸುಕ್ಕು ಉಳಿದರೆ ಇಸ್ತ್ರಿಯಿಂದ ಹೋಗುತ್ತದೆ. ರಾಳ ಗಟ್ಟಿಯಾದಮೇಲೆ ರೆಕ್ಕೆಯೊಳಗೆ ಉಳಿದ ಸುಕ್ಕು ಎಂದಿಗೂ ಹೋಗದು. ಕಾರ್ಬನ್ ನೂಲು ಭಾರವನ್ನು ಹೊರುವುದು ತನ್ನ ಉದ್ದದ ಗುಂಟ ಮಾತ್ರ. ಸುಕ್ಕಿನಲ್ಲಿ ಅದು ಬಾಗಿ ನಿಂತಿರುವುದರಿಂದ, ಒತ್ತಡ ಬಿದ್ದಾಗ ಮೊದಲು ಮುದುಡಿಕೊಳ್ಳುವುದು ಅದೇ ಎಡೆ. ಸುಕ್ಕಿಲ್ಲದಿದ್ದರೂ ಲೆಕ್ಕ ಮುಗಿಯಲಿಲ್ಲ. ಬಟ್ಟೆ 30 ಅಂಶ ಓರೆಸರಿದೆಡೆಯಲ್ಲಿ ನೂಲುಗಳ ದಿಕ್ಕು ಬದಲಾಗಿದೆ. ಅವು ಒತ್ತೊತ್ತಾಗಿ ಸೇರಿವೆ. ಒಂದು ಚದರ ಗಜದಲ್ಲಿ ಇರತಕ್ಕ ನೂಲಿನ ತೂಕ ನೂರಕ್ಕೆ 15ರಷ್ಟು ಹೆಚ್ಚಿದೆ. ಓರೆಸರಿತ 45 ಅಂಶವಾದರೆ ಈ ಹೆಚ್ಚಳ ನೂರಕ್ಕೆ 41. ಅಷ್ಟು ದಟ್ಟವಾದ ಬಟ್ಟೆಯೊಳಕ್ಕೆ ರಾಳ ಇಳಿಯುವುದೂ ಕಷ್ಟ. ಆದ್ದರಿಂದ ಅಚ್ಚಿನ ಯಾವ ಎಡೆಯಲ್ಲಿ ಎಷ್ಟು ಕೋನ ಬರುವುದು, ಈ ಬಟ್ಟೆ ಅಷ್ಟನ್ನು ಸಹಿಸುವುದೆ, ಎಂಬುದನ್ನು ಬಟ್ಟೆ ಕತ್ತರಿಸುವ ಮೊದಲೇ ತಿಳಿದಿರಬೇಕು.

ಸಹಿಸುವುದೆಂದರೇನು? ಓರೆಗೆ ಎಳೆಯುತ್ತ ಹೋದಂತೆ ಬಟ್ಟೆ ಒಡ್ಡುವ ಪ್ರತಿರೋಧ ಒಂದೇ ಸಮನಾಗಿರುವುದಿಲ್ಲ. ಆರಂಭದಲ್ಲಿ ಸಂಧಿಗಳ ಘರ್ಷಣವನ್ನು ಮೀರಬೇಕು. ಗಂಜಿಯ ಕಂಬಳಿಯಲ್ಲಿ ಹೆಚ್ಚು, ಒಗೆದ ಕಂಬಳಿಯಲ್ಲಿ ಕಡಮೆ. ಅದು ಮೀರಿತೆಂದರೆ ನೂಲುಗಳು ಅಲ್ಪ ಬಲಕ್ಕೇ ಸರಾಗವಾಗಿ ತಿರುಗುತ್ತವೆ. ಹೀಗೆ ತಿರುಗುತ್ತ ತಿರುಗುತ್ತ ಪಕ್ಕದ ನೂಲಿಗೆ ನೂಲು ತಾಗುತ್ತದೆ. ಆಮೇಲೆ ಮುಂದಕ್ಕೆ ಹೋಗಬೇಕಾದರೆ ನೂಲುಗಳನ್ನೇ ಅಡ್ಡಲಾಗಿ ಹಿಂಡಬೇಕು. ಬೇಕಾದ ಬಲ ಥಟ್ಟನೆ ಏರುತ್ತದೆ. ಇದನ್ನು ಬಿಗಿತದ ಕೋನವೆನ್ನಬಹುದು. ಅದನ್ನು ದಾಟಿದರೆ ಬಟ್ಟೆಗೆ ಸಮತಲದಲ್ಲಿರುವುದಕ್ಕಿಂತ ಮೇಲೆದ್ದು ಸುಕ್ಕಾಗುವುದೇ ಸುಲಭ. ಸಾದಾ ನೇಯ್ಗೆಯಲ್ಲಿ ಸಂಧಿಗಳು ಹೆಚ್ಚು, ಅದು ಬೇಗ ಬಿಗಿಯುತ್ತದೆ. ಟ್ವಿಲ್ ಮತ್ತು ಸ್ಯಾಟಿನ್ ನೇಯ್ಗೆಗಳಲ್ಲಿ ನೂಲು ಹಲವನ್ನು ಹಾರಿ ಹಾಯುವುದರಿಂದ ಅವು ಹೆಚ್ಚು ಬಾಗಿದ ಅಚ್ಚುಗಳಿಗೆ ಹೊಂದುತ್ತವೆ. ಇನ್ನೊಂದು ಸಂಗತಿ: ಎಳೆದದ್ದನ್ನು ಬಿಟ್ಟರೆ ಬಟ್ಟೆ ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ. ಘರ್ಷಣವು ಹೋಗುವಾಗಲೂ ತಡೆಯುತ್ತದೆ, ಬರುವಾಗಲೂ ತಡೆಯುತ್ತದೆ. ಕೈವಸ್ತ್ರ ಓರೆಯಾಗಿಯೇ ಉಳಿಯುವುದು ಅದಕ್ಕೇ.

ಇದನ್ನೆಲ್ಲ ಅಂಕಿಗಳಲ್ಲಿ ಹಿಡಿಯುವ ಉಪಾಯಗಳಲ್ಲಿ ಮುಖ್ಯವಾದುವು ಎರಡು. ಮೊದಲನೆಯದು ಚಿತ್ರದ ಚೌಕಟ್ಟಿನ ಪರೀಕ್ಷೆ. ಸಮವಾದ ನಾಲ್ಕು ಪಟ್ಟಿಗಳನ್ನು ಮೂಲೆಗಳಲ್ಲಿ ಕೀಲು ಹಾಕಿ ಚೌಕಮಾಡಿ, ಅದರೊಳಗೆ ಬಟ್ಟೆಯನ್ನು ನೂಲುಗಳು ಪಟ್ಟಿಗಳಿಗೆ ಸಮಾಂತರವಾಗಿರುವಂತೆ ಬಿಗಿದು, ಎದುರುಬದುರು ಮೂಲೆಗಳನ್ನು ಯಂತ್ರದಿಂದ ಎಳೆಯುವರು. ಬಟ್ಟೆಯನ್ನು ಮೂಲೆಗಳಲ್ಲಿ ಕತ್ತರಿಸಿ ಶಿಲುಬೆಯ ಆಕಾರಕ್ಕೆ ತಂದಿರುತ್ತಾರೆ. ಇಲ್ಲವಾದರೆ ಕೀಲುಗಳ ಬಳಿ ಅದು ಮುದ್ದೆಯಾದೀತು. ಸವಳಂಗದ ತೋಟಗಳಲ್ಲಿ ಅಡಕೆಯ ದಬ್ಬೆಗೆ ಕೊರತೆಯಿಲ್ಲ. ನಾಲ್ಕು ದಬ್ಬೆಗಳಿಗೆ ತೂತುಗಳ ನಡುವೆ ಸರಿಯಾಗಿ 20 ಸೆಂಟಿಮೀಟರ್ ಇರುವಂತೆ ಮೊಳೆಯ ಕೀಲು ಹಾಕಿದರೆ ಶಾಲೆಯ ಮಕ್ಕಳೂ ಇದನ್ನು ಮಾಡಬಹುದು. ಚೌಕವಾಗಿದ್ದಾಗ ಅದರ ಕರ್ಣ 28.3 ಸೆಂಟಿಮೀಟರ್. ಎಳೆದು ಕರ್ಣ 34.6 ಸೆಂಟಿಮೀಟರ್ ಆಯಿತೆಂದರೆ ಬಟ್ಟೆಯ ಓರೆಸರಿತ 30 ಅಂಶ. ಆಗ ಮೂಲೆಯಲ್ಲಿ ಎಳೆಯುತ್ತಿರುವ ಬಲ 10 ಕಿಲೋ ತೂಕದಷ್ಟಿದ್ದರೆ, ಒಂದೊಂದು ಪಟ್ಟಿಯ ಗುಂಟ ಬಟ್ಟೆಯನ್ನು ಸರಿಸುತ್ತಿರುವ ಬಲ ಸುಮಾರು 5.8 ಕಿಲೋ. ಮೂಲೆಯ ಬಲವನ್ನು, ಪಟ್ಟಿಗೂ ಕರ್ಣಕ್ಕೂ ನಡುವಿನ ಕೋನದ ಕೊಸೈನಿನ ಎರಡರಷ್ಟರಿಂದ ಭಾಗಿಸಿದರೆ ಇದು ಬರುತ್ತದೆ.

ನೋಡುವುದಕ್ಕೆ ಸರಳವಾದ ಈ ಚೌಕಟ್ಟು ಮಾಡುವ ಮೋಸ ಅಷ್ಟಿಷ್ಟಲ್ಲ. ಕೀಲುಗಳಿಗೂ ಘರ್ಷಣವುಂಟಷ್ಟೆ, ಬರಿಯ ಚೌಕಟ್ಟನ್ನು ಮೊದಲು ಎಳೆದು ಆ ಬಲವನ್ನು ಕಳೆಯಬೇಕು. ಅದಕ್ಕಿಂತ ದೊಡ್ಡ ತೊಡಕು ಬಟ್ಟೆಯನ್ನು ಬಿಗಿಯುವುದರಲ್ಲಿದೆ. ನೂಲು ಪಟ್ಟಿಗೆ ಸಮಾಂತರವಾಗಿರದೆ ಒಂದೆರಡು ಅಂಶ ತಪ್ಪಿದರೂ, ಚೌಕಟ್ಟು ವಾಲಿದಂತೆ ಆ ನೂಲು ಉದ್ದವಾಗಲೇಬೇಕಾಗುತ್ತದೆ. ಕಾರ್ಬನ್ ಅಥವಾ ಗಾಜಿನ ನೂಲು ಉದ್ದವಾಗಲು ಒಪ್ಪುವುದೆ? ಯಂತ್ರದ ಮುಳ್ಳು ಮೇಲಕ್ಕೆ ಹಾರುತ್ತದೆ. ಪರೀಕ್ಷಕನು ಅದನ್ನು ಬಟ್ಟೆಯ ಓರೆಸರಿತದ ಪ್ರತಿರೋಧವೆಂದು ಬರೆದುಕೊಳ್ಳುತ್ತಾನೆ. ಅಳೆದದ್ದು ನೂಲಿನ ಎಳೆತವನ್ನು, ಹೆಸರಿಟ್ಟದ್ದು ಓರೆಸರಿತವೆಂದು. ಇದರ ನಿವಾರಣೆಗಾಗಿ ಕೆಲವರು ಬಿಗಿಯುವ ಹಿಡಿಕೆಗಳಲ್ಲಿ ನೂಲು ತಿರುಗಲು ಎಡೆಕೊಡುವಂತೆ ಸೂಜಿಗಳನ್ನು ಉಪಯೋಗಿಸುತ್ತಾರೆ. ಕೆಲವರು ಶಿಲುಬೆಯ ತೋಳುಗಳಲ್ಲಿ ಅಡ್ಡನೂಲುಗಳನ್ನು ಬಿಡಿಸಿ ತೆಗೆಯುತ್ತಾರೆ.

ಎರಡನೆಯದು ಓರೆ ಎಳೆತದ ಪರೀಕ್ಷೆ. ಇದಕ್ಕೆ ಚೌಕಟ್ಟೇ ಬೇಡ. ನೂಲುಗಳಿಗೆ 45 ಅಂಶ ಓರೆಯಾಗಿ, ಉದ್ದವು ಅಗಲಕ್ಕಿಂತ ಎರಡರಷ್ಟಾದರೂ ಇರುವಂತೆ, ಒಂದು ಪಟ್ಟಿಯನ್ನು ಕತ್ತರಿಸಿ ಎರಡು ತುದಿಗಳನ್ನು ಹಿಡಿದು ಎಳೆಯುವುದು. ಎಳೆದಾಗ ಪಟ್ಟಿ ಮೂರು ಬಗೆಯ ಭಾಗಗಳಾಗಿ ಒಡೆದು ಕಾಣುತ್ತದೆ. ಹಿಡಿಕೆಗೆ ತಾಗಿದ ತ್ರಿಕೋಣಗಳಲ್ಲಿ ಹಾಸು ಹೊಕ್ಕುಗಳೆರಡೂ ಹಿಡಿಕೆಗೆ ಸಿಕ್ಕಿರುವುದರಿಂದ ಅಲ್ಲಿ ಏನೂ ಆಗದು. ಮಧ್ಯಭಾಗದಲ್ಲಿ ಎರಡು ಬಗೆಯ ನೂಲುಗಳ ತುದಿಗಳೂ ಬಿಡುವಾಗಿವೆ. ಓರೆಸರಿತ ಅಲ್ಲಿ ಪೂರ್ಣ. ಇವೆರಡರ ನಡುವೆ ಒಂದು ಬಗೆಯ ನೂಲು ಸಿಕ್ಕಿ ಇನ್ನೊಂದು ಬಿಡುವಾಗಿರುವ ಎಡೆಗಳಲ್ಲಿ ಅದು ಸರಿಯಾಗಿ ಅರ್ಧ. ಉದ್ದವು ಅಗಲದ ಎರಡರಷ್ಟಿಗಿಂತ ಕಡಮೆಯಾದರೆ ಮಧ್ಯಭಾಗ ಪೂರ್ಣವಾಗಿ ಬೆಳೆಯುವುದಿಲ್ಲ. ಈ ನಿಯಮವನ್ನು ಮರೆತು ಕತ್ತರಿಸಿದ ಪಟ್ಟಿ ವ್ಯರ್ಥ.

ಮನೆಯಲ್ಲಿ ಮಾಡುವವರಿಗೆ ನಾವು ಈ ಎರಡನೆಯದನ್ನೇ ಹೇಳುವೆವು. ಹಿಡಿಕೆಗಳ ನಡುವೆ 30 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ ಬರುವಂತೆ ಓರೆಪಟ್ಟಿಯನ್ನು ಕತ್ತರಿಸಿ, ತುದಿಗಳನ್ನು ಎರಡೆರಡು ದಬ್ಬೆಗಳ ನಡುವೆ ಬಿಗಿದು, ಮೇಲಿನದನ್ನು ತೊಲೆಗೆ ತೂಗುಹಾಕಿ, ಕೆಳಗಿನದಕ್ಕೆ ತೂಕದ ಬಟ್ಟುಗಳನ್ನು ಒಂದೊಂದಾಗಿ ಕಟ್ಟುತ್ತ ಹೋಗಬೇಕು. ಅದಕ್ಕೆ ಮೊದಲೇ ಪಟ್ಟಿಯ ನಡುಮಧ್ಯದಲ್ಲಿ, ಬದಿಗಳು ನೂಲುಗಳ ಗುಂಟ ಇರುವಂತೆ, 5 ಸೆಂಟಿಮೀಟರಿನ ಒಂದು ಚೌಕವನ್ನು ಮಸಿಯಿಂದ ಬರೆದಿರಬೇಕು. ಭಾರ ಹೆಚ್ಚಿದಂತೆ ಆ ಚೌಕ ವಜ್ರಾಕೃತಿಯಾಗುತ್ತದೆ. ಕೋನಮಾಪಕವಿಲ್ಲದಿದ್ದರೂ ಚಿಂತೆಯಿಲ್ಲ: ವಜ್ರಾಕೃತಿಯ ಗಿಡ್ಡ ಕರ್ಣವು ಅದರ ಬದಿಗೆ ಸಮವಾದಾಗ, ಅಂದರೆ 5 ಸೆಂಟಿಮೀಟರ್ ಆದಾಗ, ಓರೆಸರಿತ ಸರಿಯಾಗಿ 30 ಅಂಶ. ಲೆಕ್ಕದ ಪ್ರಕಾರ ಆಗ ಪಟ್ಟಿಯ ಉದ್ದ ಸುಮಾರು 34.5 ಸೆಂಟಿಮೀಟರ್ ಆಗಿರಬೇಕು. ಅಳೆದು ನೋಡಿದಾಗ ಪಟ್ಟಿಯ ಉದ್ದ ಅದಕ್ಕಿಂತ ಹೆಚ್ಚಾಗಿದ್ದರೆ, ಸಂಧಿಗಳಲ್ಲಿ ನೂಲುಗಳು ತಿರುಗುವುದಲ್ಲದೆ ಜಾರಲೂ ತೊಡಗಿವೆಯೆಂದು ಊಹಿಸಬಹುದು. ಈ ಪರೀಕ್ಷೆಯ ದೋಷ ಅದೇ: ಕೋನ ದೊಡ್ಡದಾದಂತೆ ನೂಲು ಜಾರಿ ಲೆಕ್ಕ ಕೆಡುತ್ತದೆ. ಅದಕ್ಕೇ ಪ್ರಯೋಗಶಾಲೆಗಳಲ್ಲಿ ಹಿಡಿಕೆ ಎಷ್ಟು ಚಲಿಸಿತೆಂಬುದನ್ನು ನಂಬದೆ, ಬಟ್ಟೆಯ ಮೈಯನ್ನೇ ಛಾಯಾಚಿತ್ರ ತೆಗೆದು ಕೋನವನ್ನು ಅದರಿಂದಲೇ ಓದುತ್ತಾರೆ. ನಮ್ಮ ಮಸಿಯ ಚೌಕ ಅದರ ಬಡ ಬಂಧು.

ಉಡುಪಿನ ಬಟ್ಟೆಗಳಿಗೆಂದು ಜಪಾನಿನ ಕವಾಬಾಟ ಎಂಬ ವಿದ್ವಾಂಸರು 1970ರ ದಶಕದಲ್ಲಿ ರೂಪಿಸಿದ ಯಂತ್ರವೊಂದುಂಟು. ಅದು 20 ಸೆಂಟಿಮೀಟರ್ ಅಗಲದ ಬಟ್ಟೆಯನ್ನು 5 ಸೆಂಟಿಮೀಟರ್ ಅಂತರದ ಹಿಡಿಕೆಗಳ ನಡುವೆ ಹಿಡಿದು ಎಡಕ್ಕೂ ಬಲಕ್ಕೂ 8 ಅಂಶದವರೆಗೆ ಮಾತ್ರ ಸರಿಸುತ್ತದೆ. ಅಂಗಿಯ ನಯವನ್ನು ತಿಳಿಯಲು ಅಷ್ಟು ಸಾಕು. ವಿಮಾನದ ಅಚ್ಚಿಗೆ ಸಾಲದು.

ಒಂದೇ ಬಟ್ಟೆಯನ್ನು ಬೇರೆ ಬೇರೆ ಪ್ರಯೋಗಶಾಲೆಗಳು ಅಳೆದರೆ ಒಂದೇ ಉತ್ತರ ಬರುವುದೆ? ಬರಲಿಲ್ಲ. ಯೂರೋಪು, ಅಮೆರಿಕ, ಏಷ್ಯ ಖಂಡಗಳ ಹಲವು ಸಂಶೋಧಕ ತಂಡಗಳು ಗಾಜು ಮತ್ತು ಪಾಲಿಪ್ರಾಪಿಲೀನ್ ನೂಲುಗಳನ್ನು ಬೆರೆಸಿ ನೇಯ್ದ ಒಂದೇ ಬಗೆಯ ಬಟ್ಟೆಗಳನ್ನು ಹಂಚಿಕೊಂಡು ಪರೀಕ್ಷಿಸಿ, 2008ರಲ್ಲಿ ಫಲವನ್ನು ಪ್ರಕಟಿಸಿದುವು. ಒಬ್ಬೊಬ್ಬರ ಚೌಕಟ್ಟಿನ ಅಳತೆ ಬೇರೆ, ಹಿಡಿಕೆ ಬೇರೆ. ಬಲವನ್ನು ಹಾಗೆಯೇ ಹೋಲಿಸದೆ, ಚೌಕಟ್ಟಿನ ಮತ್ತು ಬಟ್ಟೆಯ ಅಳತೆಗಳಿಂದ ಭಾಗಿಸಿ ಹೋಲಿಸಿದಾಗ ಚದರಿದ್ದ ರೇಖೆಗಳು ಬಹುಮಟ್ಟಿಗೆ ಹತ್ತಿರ ಬಂದುವು. ಒಂದರ ಮೇಲೊಂದು ಕೂರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಆ ಕಾರ್ಯದ ಬೆಲೆ ಅಲ್ಲಿ ದೊರೆತ ಅಂಕಿಗಳಲ್ಲಿಲ್ಲ. ತಮ್ಮ ತಮ್ಮಲ್ಲಿನ ವ್ಯತ್ಯಾಸವನ್ನು ಮರೆಮಾಡದೆ ಪಕ್ಕಪಕ್ಕದಲ್ಲಿ ಅಚ್ಚುಹಾಕಿದ್ದರಲ್ಲಿದೆ. ಅದನ್ನು ನೋಡಿದವನು ಇನ್ನುಮುಂದೆ ಒಂದೇ ಚೌಕಟ್ಟಿನ ಒಂದೇ ರೇಖೆಯನ್ನು ಹಿಡಿದು ರೆಕ್ಕೆಯ ಲೆಕ್ಕವನ್ನು ಮಾಡಲಾರ. ಬುದ್ಧಿವಂತನಾದವನು ಎರಡು ಪರೀಕ್ಷೆಗಳನ್ನೂ ಮಾಡಿ, ಕಡಮೆ ಕೋನಗಳಲ್ಲಿ ಅವು ಒಪ್ಪುವುವೆ ಎಂದು ನೋಡುತ್ತಾನೆ. ಒಪ್ಪದಿದ್ದರೆ ಚೌಕಟ್ಟಿನಲ್ಲಿ ನೂಲು ಎಳೆತಕ್ಕೆ ಸಿಕ್ಕಿದೆಯೇ ಎಂದು ಮೊದಲು ಶಂಕಿಸುತ್ತಾನೆ.

ಕೊನೆಯದಾಗಿ ಒಂದು ಎಚ್ಚರಿಕೆ. ಇಲ್ಲಿಯವರೆಗೆ ಹೇಳಿದುದೆಲ್ಲ ಒಣ ಬಟ್ಟೆಯ ವಿಷಯ. ಮೊದಲೇ ರಾಳ ತುಂಬಿದ ಬಟ್ಟೆಯಲ್ಲಿ, ಅಥವಾ ಬಿಸಿಯಲ್ಲಿ ಕರಗುವ ನೂಲನ್ನು ಬೆರೆಸಿದ ಬಟ್ಟೆಯಲ್ಲಿ, ಸಂಧಿಗಳನ್ನು ತಡೆಯುವುದು ಘರ್ಷಣವೊಂದೇ ಅಲ್ಲ, ರಾಳದ ಜಿಗುಟೂ ಸೇರುತ್ತದೆ. ಜಿಗುಟು ಬಿಸಿಯೇರಿದಂತೆ ಇಳಿಯುತ್ತದೆ. ಬೇಗ ಎಳೆದರೆ ಹೆಚ್ಚು ತಡೆಯುತ್ತದೆ, ಮೆಲ್ಲಗೆ ಎಳೆದರೆ ಕಡಮೆ ತಡೆಯುತ್ತದೆ. ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದವರಿಗೆ ಇದು ಗೊತ್ತು. ಅಂಥ ಬಟ್ಟೆಯ ಪರೀಕ್ಷೆಯಲ್ಲಿ ಕೋನ, ಬಲಗಳ ಜೊತೆಗೆ ಎಳೆದ ವೇಗವನ್ನೂ ಉಷ್ಣಮಾನವನ್ನೂ ಬರೆಯಬೇಕು. ಪರೀಕ್ಷೆಯನ್ನು ನಡಸತಕ್ಕದ್ದು ಅಚ್ಚಿನ ಮೇಲೆ ಕೆಲಸ ನಡೆಯುವ ಉಷ್ಣಮಾನದಲ್ಲಿಯೇ, ಚೌಕಟ್ಟನ್ನೆಲ್ಲ ಒಲೆಯೊಳಗಿಟ್ಟು.